ನಲವತ್ತೆರಡು ಮಂದಿ ಬರೆದ ಒಂದೇ ತಪ್ಪು

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಸೇರಿ ಒಂದು ತಿಂಗಳಾಗಿತ್ತು. ಒಂದು ಮಧ್ಯಾಹ್ನ ನಮ್ಮ ಹೆಡ್‌ಮಾಸ್ತರರು ಒಂಬತ್ತನೆಯ ತರಗತಿಯ ಬಾಗಿಲಲ್ಲಿ ನಿಂತು ನನ್ನ ಪಾಠ ಕೇಳಿದರು. ನಾನು ಹೊರಗೆ ಬಂದ ಮೇಲೆ ಕೈಕಟ್ಟಿಕೊಂಡು ಹೇಳಿದರು: "ನಿಮ್ಮ ಕ್ಲಾಸು ಭಾಳ ಶಾಂತ ಇರ್ತೈತಿ ನೋಡ್ರಿ ಟೀಚರ್. ಹಿಂಗ ಇರಬೇಕು."

ಆ ದಿನ ಧಾರವಾಡದಿಂದ ಹುಬ್ಬಳ್ಳಿಯ ಬಸ್ಸಿನಲ್ಲಿ ನಿಂತುಕೊಂಡೇ ಬಂದರೂ ನನಗೆ ಕಾಲು ನೋಯಲಿಲ್ಲ. ಮನೆಗೆ ಬಂದವಳೇ ಅವ್ವನಿಗೆ ಹೇಳಿದೆ. ಅವ್ವ ಅಪ್ಪನಿಗೆ ಹೇಳಿದಳು. ಅಪ್ಪ ಚಹಾ ಕುಡಿಯುತ್ತ, "ಛಲೋ ಆತು," ಅಂದ.

ಅದಕ್ಕಿಂತ ಮೊದಲು ನಾಲ್ಕು ವರ್ಷ ನಾನು ಧಾರವಾಡದ ಒಂದು ಕೋಚಿಂಗ್ ಸೆಂಟರಿನಲ್ಲಿ ಕಲಿಸಿದ್ದೆ. ಸರಕಾರಿ ನೌಕರಿಯ ಪರೀಕ್ಷೆಗೆ ಕೂಡುವ ದೊಡ್ಡ ಹುಡುಗ ಹುಡುಗಿಯರು. ಉದ್ದನೆಯ ಹಾಲು, ಕೊರಳಿಗೆ ಸಿಕ್ಕಿಸಿದ ಮೈಕು, ಒಂದೂವರೆ ತಾಸು ಎಡೆಬಿಡದ ಮಾತು. ನಾನು ಹೇಳುತ್ತ ಹೋಗುತ್ತಿದ್ದೆ, ಅವರು ಬರೆಯುತ್ತ ಹೋಗುತ್ತಿದ್ದರು. ಯಾರೂ ತಲೆ ಎತ್ತುತ್ತಿರಲಿಲ್ಲ. ಅವರಿಗೆ ಏನು ಬೇಕೆಂಬುದು ಅವರಿಗೆ ಗೊತ್ತಿತ್ತು, ಅದಕ್ಕಾಗಿಯೇ ಬಂದಿದ್ದರು. ನಾನು ಕಲಿಸಿದ್ದರಿಂದ ಅವರು ಕಲಿಯುತ್ತಿದ್ದಾರೆ ಎಂದು ನಾನು ತಿಳಿದುಕೊಂಡಿದ್ದೆ.

ನಂತರ ಸಿಕ್ಕಿದ್ದು ಈ ಶಾಲೆ. ಚರ್ಚಿನ ಆವರಣದಲ್ಲಿರುವ ಹಳೆಯ ಕಲ್ಲಿನ ಕಟ್ಟಡ, ಹೆಂಚಿನ ಸೂರು, ಕನ್ನಡ ಮಾಧ್ಯಮ. ನನ್ನ ಒಂಬತ್ತನೆಯ ತರಗತಿಯಲ್ಲಿ ನಲವತ್ತೆರಡು ಮಕ್ಕಳು. ಮುಗದ ಎಂಬ ಹಳ್ಳಿಯ ಕಡೆಯಿಂದ ಬಸ್ಸಿಗೆ ಬರುವವರು ಕೆಲವರು, ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಕೆಲಸಕ್ಕೆ ಹೋಗುವವರ ಮಕ್ಕಳು ಕೆಲವರು, ಚರ್ಚಿನ ಸುತ್ತಲಿನ ಮನೆಗಳವರು ಕೆಲವರು. ಕೊರೊನಾದಲ್ಲಿ ಶಾಲೆ ಮುಚ್ಚಿದಾಗ ಇವರೆಲ್ಲ ಐದನೆಯ ತರಗತಿಯ ಆಸುಪಾಸಿನಲ್ಲಿದ್ದವರು. ಆಗ ತಪ್ಪಿಹೋದದ್ದು ಇನ್ನೂ ಕೈಗೆ ಬಂದಿರಲಿಲ್ಲ. ಅವರ ಮುಂದೆಯೂ ನಾನು ಕೋಚಿಂಗ್ ಸೆಂಟರಿನ ಹಾಗೆಯೇ ಮಾತಾಡಿದೆ. ಮೈಕು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಆಗಸ್ಟಿನಲ್ಲಿ ಮೊದಲ ಕಿರುಪರೀಕ್ಷೆ ಆಯಿತು. ಉತ್ತರಪತ್ರಿಕೆಗಳನ್ನು ಮನೆಗೆ ತಂದು ರವಿವಾರ ಬೆಳಿಗ್ಗೆ ತಿದ್ದಲು ಕುಳಿತೆ. ಒಂದು ಪ್ರಶ್ನೆ ಹೀಗಿತ್ತು: ಮಣ್ಣಿನ ಮಡಕೆಯಲ್ಲಿಟ್ಟ ನೀರು ಏಕೆ ತಂಪಾಗಿರುತ್ತದೆ? ಮೊದಲ ಪತ್ರಿಕೆಯಲ್ಲಿ ಉತ್ತರ ಇತ್ತು: "ಆವಿಯಾಗುವಾಗ ನೀರು ಶಾಖವನ್ನು ಬಿಟ್ಟುಕೊಡುತ್ತದೆ. ಆದ್ದರಿಂದ ಮಡಕೆಯ ನೀರು ತಂಪಾಗುತ್ತದೆ." ನನಗೆ ನಗು ಬಂತು. ಬಿಟ್ಟುಕೊಡುವುದಲ್ಲ, ಹೀರಿಕೊಳ್ಳುವುದು. ಆವಿಯಾಗುವ ನೀರು ಮಡಕೆಗೆ ಶಾಖ ಬಿಟ್ಟುಕೊಟ್ಟರೆ ಒಳಗಿನದು ತಂಪಾಗುವುದು ಹೇಗೆ? ಕೆಂಪು ಗೆರೆ ಎಳೆದೆ. ಎರಡನೆಯ ಪತ್ರಿಕೆಯಲ್ಲೂ ಅದೇ ವಾಕ್ಯ. ಮೂರನೆಯದರಲ್ಲೂ ಅದೇ. ನಕಲು ಹೊಡೆದಿದ್ದಾರೆಂದು ಸಿಟ್ಟು ಬಂತು. ಹತ್ತನೆಯದಕ್ಕೆ ಬರುವಾಗ ಕೈ ನಿಂತಿತು. ಮುಂದಿನ ಬೆಂಚಿನವರೂ ಹಿಂದಿನ ಬೆಂಚಿನವರೂ ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ನಕಲು ಮಾಡಲು ಸಾಧ್ಯವಿಲ್ಲ.

ತಿದ್ದಲೆಂದು ತಂದಿದ್ದ ನೋಟುಪುಸ್ತಕಗಳೂ ಚೀಲದಲ್ಲಿದ್ದವು. ಒಂದನ್ನು ತೆಗೆದೆ. ಮುದ್ದಾದ ಅಕ್ಷರದಲ್ಲಿ ಅದೇ ವಾಕ್ಯ. ಇನ್ನೊಂದರಲ್ಲೂ ಅದೇ. ಅಂದರೆ ಹಲಗೆಯ ಮೇಲೆ ಹಾಗೆ ಬರೆದವಳು ನಾನೇ. ಯಾವುದೋ ಗಡಿಬಿಡಿಯಲ್ಲಿ ಒಂದು ಪದದ ಬದಲು ಇನ್ನೊಂದು ಪದ ಬರೆದಿದ್ದೆ. ನಲವತ್ತೆರಡು ಮಕ್ಕಳು ಅದನ್ನು ಬರೆದುಕೊಂಡಿದ್ದರು, ಬಾಯಿಪಾಠ ಮಾಡಿದ್ದರು, ಪರೀಕ್ಷೆಯಲ್ಲಿ ಬರೆದಿದ್ದರು. ಒಬ್ಬರಿಗೂ ಅದು ವಿಚಿತ್ರ ಎನ್ನಿಸಿರಲಿಲ್ಲ. ಎನ್ನಿಸಿದ್ದರೂ ಯಾರೂ ಕೇಳಿರಲಿಲ್ಲ.

ಸೋಮವಾರ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ತಪ್ಪು ನನ್ನದು ಎಂದು ಹೇಳಲಿಲ್ಲ. "ಮೂರನೇ ಪುಟದಾಗ 'ಬಿಟ್ಟುಕೊಡುತ್ತದೆ' ಅಂತ ಐತಲ್ಲ, ಅದನ್ನ ಹೊಡದು 'ಹೀರಿಕೊಳ್ಳುತ್ತದೆ' ಅಂತ ಬರಕೋರ್ರಿ," ಅಂದೆ. ನಲವತ್ತೆರಡು ಪೆನ್ನುಗಳು ಒಂದು ಪದ ಹೊಡೆದು ಇನ್ನೊಂದು ಪದ ಬರೆದವು. ಆಗಲೂ ಯಾಕೆ ಎಂದು ಯಾರೂ ಕೇಳಲಿಲ್ಲ. ತರಗತಿ ಎಂದಿನಂತೆ ಶಾಂತವಾಗಿತ್ತು. ಆ ಶಾಂತತೆ ಅಂದು ಮೊದಲ ಸಲ ನನ್ನನ್ನು ಹೆದರಿಸಿತು.

ಊಟದ ಹೊತ್ತಿನಲ್ಲಿ ಸ್ಟಾಫ್ ರೂಮಿನಲ್ಲಿ ನಾನು ಸಿಟ್ಟನ್ನೆಲ್ಲ ಮಕ್ಕಳ ಮೇಲೆಯೇ ಕಾರಿದೆ. "ಈ ಹುಡುಗೂರಿಗೆ ಲಕ್ಷ್ಯನೇ ಇಲ್ರಿ. ಮೊಬೈಲ್ ನೋಡಿ ನೋಡಿ ತಲಿ ಕೆಟ್ಟು ಹೋಗೇತಿ," ಎಂದು ನಡೆದದ್ದನ್ನು ಹೇಳಿದೆ.

ನನ್ನ ಎದುರಿಗೆ ಕುಳಿತು ರೊಟ್ಟಿ ಮುರಿಯುತ್ತಿದ್ದವರು ಗಣಿತ ಕಲಿಸುವ ಹಿರಿಯ ಶಿಕ್ಷಕಿ. ಆ ವರ್ಷ ಫೆಬ್ರುವರಿಯ ಕೊನೆಗೆ ಅವರ ನಿವೃತ್ತಿ. ಚರ್ಚಿನ ಹಿಂದಿನ ಮನೆಗಳ ಸಾಲಿನಲ್ಲಿ ಹುಟ್ಟಿ, ಇದೇ ಶಾಲೆಯಲ್ಲಿ ಓದಿ, ಇಲ್ಲಿಯೇ ಶಿಕ್ಷಕಿಯಾಗಿದ್ದವರು. ಹೊಸಬರನ್ನೆಲ್ಲ ಮಕ್ಕಳು ಟೀಚರ್ ಎನ್ನುತ್ತಿದ್ದರು, ಇವರನ್ನು ಮಾತ್ರ ಹಳೆಯ ಪದ್ಧತಿಯಂತೆ 'ಅಕ್ಕೋರು' ಎನ್ನುತ್ತಿದ್ದರು. ನಾವೂ ಹಾಗೆಯೇ ಕರೆಯುತ್ತಿದ್ದೆವು.

"ಲಕ್ಷ್ಯ ಇಲ್ಲಾಂತ ಹೆಂಗ ಹೇಳ್ತಿ ತಂಗಿ?" ಅಂದರು ಅಕ್ಕೋರು. "ನೀ ಬರದ ತಪ್ಪನ್ನ ಒಂದಕ್ಷರ ಬಿಡದಂಗ ಬರದಾರಲ್ಲ. ಲಕ್ಷ್ಯ ಐತಿ. ಆ ಲಕ್ಷ್ಯಕ್ಕ ನೀ ಕೆಲಸ ಕೊಟ್ಟಿಲ್ಲ."

ಅವರು ತಮ್ಮ ಡಬ್ಬಿಯಿಂದ ಶೇಂಗಾ ಚಟ್ನಿಯನ್ನು ನನ್ನ ಡಬ್ಬಿಯ ಮುಚ್ಚಳಕ್ಕೆ ಹಾಕುತ್ತ, "ನಾಳೆ ಊಟದ ಮ್ಯಾಲೆ ನಿನಗ ಬಿಡುವು ಐತಲ್ಲ, ನನ್ನ ಕ್ಲಾಸಿಗೆ ಬಾ. ಹಿಂದ ಕುಂದರು," ಅಂದರು.

ಮರುದಿನ ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತೆ. ಅದೇ ನಲವತ್ತೆರಡು ಮಕ್ಕಳು. ಊಟವಾದ ಮೇಲಿನ ಪೀರಿಯಡ್ಡು, ಎಂಥವರಿಗೂ ಕಣ್ಣು ಎಳೆಯುವ ಹೊತ್ತು. ಅಕ್ಕೋರು ಹಲಗೆಯ ಮೇಲೆ ಒಂದು ಚೌಕ ಬರೆದರು. "ಇದು ಒಂದು ಹೊಲ. ಇದರಾಗ ಒಂದು ಚೀಲ ಭತ್ತ ಬೆಳೀತೈತಿ. ಹೊಲದ ಎಲ್ಲಾ ಬದಿ ಎರಡು ಪಟ್ಟ ಉದ್ದ ಮಾಡಿದ್ರ ಎಷ್ಟು ಚೀಲ ಬೆಳೀತೈತಿ?" ಅಂದವರೇ ಕಿಟಕಿಯ ಕಟ್ಟೆಗೆ ಒರಗಿ ನಿಂತುಬಿಟ್ಟರು.

ಅವರು ಸುಮ್ಮನೆ ನಿಂತ ಹೊತ್ತು ನನಗೆ ಬಹಳ ದೀರ್ಘ ಎನ್ನಿಸಿತು. ಏನಾದರೂ ಹೇಳಬಾರದೇ ಎಂದು ಒಳಗೊಳಗೇ ಒದ್ದಾಡಿದೆ. ಅವರು ಹೊರಗೆ ಹುಣಸೆ ಮರ ನೋಡುತ್ತಿದ್ದರು. ಕೊನೆಗೆ ಮುಂದಿನ ಬೆಂಚಿನ ಒಬ್ಬಳು, "ಎರಡು ಚೀಲ ರಿ," ಅಂದಳು.

ಅಕ್ಕೋರು ಸರಿ ಅನ್ನಲಿಲ್ಲ, ತಪ್ಪು ಅನ್ನಲೂ ಇಲ್ಲ. "ಯಾಕ?" ಅಂದರು. ಆಕೆ ಹೇಳಿದಳು. ಅಕ್ಕೋರು ನಡುವಿನ ಬೆಂಚಿನ ಹುಡುಗನತ್ತ ತಿರುಗಿ, "ಈಗ ಆಕಿ ಹೇಳಿದ್ದನ್ನ ನೀ ನಿನ್ನ ಮಾತಿನಾಗ ಹೇಳು," ಅಂದರು. ಅವನು ತಡವರಿಸಿದ, ಏಕೆಂದರೆ ಅವನು ಕೇಳಿಸಿಕೊಂಡಿರಲಿಲ್ಲ. ಅವರು ಬೈಯಲಿಲ್ಲ. "ಆಕಿನ್ನ ಇನ್ನೊಮ್ಮೆ ಕೇಳು," ಅಂದರು. ಅವನು ಅವಳನ್ನೇ ಕೇಳಿದ. ಅವಳು ಮತ್ತೊಮ್ಮೆ ಹೇಳುವಾಗ ನಡುವೆ ನಿಂತು, "ತಡೀರಿ," ಎಂದು ನೋಟುಪುಸ್ತಕದಲ್ಲಿ ಗೆರೆ ಎಳೆಯತೊಡಗಿದಳು.

"ಎಲ್ಲಾರೂ ಬಾಜೂಕ ಕುಂತವ್ರ ಕೂಡ ಎರಡು ನಿಮಿಷ ಮಾತಾಡ್ರಿ," ಅಂದರು ಅಕ್ಕೋರು.

ತರಗತಿಯಲ್ಲಿ ಗದ್ದಲ ಎದ್ದಿತು. ನನ್ನ ತರಗತಿಯಲ್ಲಿ ಎಂದೂ ಬಾಯಿ ತೆರೆಯದ ಮಕ್ಕಳು ಪಕ್ಕದವರ ಪುಸ್ತಕದ ಮೇಲೆ ಬೆರಳಿಟ್ಟು ಜಗಳಾಡುತ್ತಿದ್ದರು. ಯಾರೋ, "ನಾಕು ಚೀಲ ರಿ," ಎಂದು ಕೂಗಿದರು. ಅಕ್ಕೋರು ಅದಕ್ಕೂ ಹೌದು ಎನ್ನಲಿಲ್ಲ. "ಖರೇ ಏನು? ಹಂಗಾರ ಎರಡು ಅಂದವ್ರನ್ನ ಒಪ್ಪಿಸ್ರಿ," ಅಂದರು.

ಗಂಟೆ ಬಾರಿಸುವ ಮುಂಚೆ ಎಲ್ಲರಿಗೂ ಅಂಗೈಯಷ್ಟು ಚೀಟಿ ಹಂಚಿದರು. ಚರ್ಚಿನಲ್ಲಿ ರವಿವಾರದ ಪ್ರಾರ್ಥನೆಗೆ ಹಂಚಿ ಉಳಿದ ಹಾಳೆಗಳನ್ನು ಕತ್ತರಿಸಿ ಮಾಡಿದ ಚೀಟಿಗಳು. ಹಿಂದುಗಡೆ ಖಾಲಿ. ಇವತ್ತು ಏನು ತಿಳಿಯಲಿಲ್ಲ ಎಂದು ಒಂದು ಸಾಲು ಬರೆಯಬೇಕು, ಹೆಸರು ಬರೆಯಲೇಬೇಕೆಂದಿಲ್ಲ. ಮರುದಿನದ ಪಾಠವನ್ನು ಅವರು ಆ ಚೀಟಿಗಳಿಂದ ಶುರು ಮಾಡುತ್ತಿದ್ದರು.

ಮೂರು ವಾರ ನಾನು ಆ ಬೆಂಚಿನಲ್ಲಿ ಕುಳಿತೆ. ಆಮೇಲೆ ಅಕ್ಕೋರು, "ಈಗ ನಾ ಬಂದು ನಿನ್ನ ಕ್ಲಾಸಿನಾಗ ಕುಂದರ್ತೇನಿ," ಅಂದರು. ಅವರು ಬಂದ ದಿನ ನಾನೂ ಪ್ರಶ್ನೆಗಳನ್ನು ಕೇಳಿದೆ. ಬಹಳ ಕೇಳಿದೆ. ಪಾಠ ಮುಗಿದ ಮೇಲೆ ಅವರು ಒಂದು ಚೀಟಿ ಕೊಟ್ಟರು. ಅದರ ಮೇಲೆ ಸಣ್ಣ ಸಣ್ಣ ಗೀಟುಗಳಿದ್ದವು.

"ಇವು ನೀ ಕೇಳಿದ ಪ್ರಶ್ನೆ, ಇಪ್ಪತ್ತಾರು," ಅಂದರು. "ಇವು ನೀನ ಕೊಟ್ಟ ಉತ್ತರ, ಇಪ್ಪತ್ನಾಕು."

"ಇನ್ನೆರಡು?"

"ಅವಕ್ಕ ಯಾರೂ ಉತ್ತರ ಕೊಡಲಿಲ್ಲ. ನೀನೂ ಮರತಿ."

ಇಬ್ಬರೂ ವರಾಂಡದಲ್ಲಿ ನಿಂತು ನಕ್ಕೆವು. ಹೆಡ್‌ಮಾಸ್ತರರು ಕೋಣೆಯಿಂದ ಇಣುಕಿ ನೋಡಿದರು.

ಚೀಟಿಗಳನ್ನು ನಾನೂ ಶುರು ಮಾಡಿದೆ. ಮೊದಲ ದಿನದ ಚೀಟಿಗಳಲ್ಲಿ ಹೆಚ್ಚಿನವು 'ಎಲ್ಲಾ ತಿಳಿದಿದೆ' ಎಂದಿದ್ದವು. ಒಂದರಲ್ಲಿ ಮಾತ್ರ 'ನೀವು ಭಾಳ ಲಗೂ ಮಾತಾಡ್ತೀರಿ' ಎಂದಿತ್ತು. ನನ್ನ ಮಾತಿನ ವೇಗದ ಮೇಲಿನ ಆ ದೂರನ್ನು ನಾನು ಪರ್ಸಿನಲ್ಲಿ ಇಟ್ಟುಕೊಂಡೆ. ಆದರೆ ಪ್ರಶ್ನೆ ಕೇಳಿ ಸುಮ್ಮನಿರುವುದು ಮಾತ್ರ ಕೈಗೆ ಹತ್ತಲೇ ಇಲ್ಲ. ಮನಸ್ಸಿನಲ್ಲಿ ಹತ್ತು ಎಣಿಸಬೇಕೆಂದುಕೊಂಡರೆ ಮೂರಕ್ಕೇ ಬಾಯಿ ತೆರೆದುಕೊಳ್ಳುತ್ತಿತ್ತು.

ದಸರಾ ರಜೆಯಲ್ಲಿ ಒಂದು ದಿನ ಅಪ್ಪನ ಅಂಗಡಿಗೆ ಬುತ್ತಿ ಕೊಡಲು ಹೋಗಿದ್ದೆ. ಹುಬ್ಬಳ್ಳಿಯಲ್ಲಿ ಅಪ್ಪನದು ಕಾಳುಕಡಿಯ ವ್ಯಾಪಾರ. ಹಣೆಗೆ ವಿಭೂತಿ ಹಚ್ಚಿಕೊಂಡು ಗಾದಿಯ ಮೇಲೆ ಕುಳಿತರೆ ಸಂಜೆಯವರೆಗೆ ಏಳುವವನಲ್ಲ. ಅಂದು ಜೋಳ ಕೊಳ್ಳಲು ಒಬ್ಬರು ಬಂದಿದ್ದರು. ಅಪ್ಪ ಚೀಲದಿಂದ ಒಂದು ಹಿಡಿ ಜೋಳ ತೆಗೆದು ಅವರ ಅಂಗೈಗೆ ಸುರಿದು ಸುಮ್ಮನೆ ಕುಳಿತ. ಅವರು ಜೋಳವನ್ನು ಅತ್ತಿತ್ತ ಹೊರಳಿಸಿದರು, ಊದಿದರು, ಎರಡು ಕಾಳು ಬಾಯಿಗೆ ಹಾಕಿಕೊಂಡು ಕಡಿದರು. ಆಮೇಲೆ ಅವರಾಗಿಯೇ ಕೇಳತೊಡಗಿದರು. ಯಾವ ಕಡೆಯದು, ಎಂದು ಒಕ್ಕಿದ್ದು, ಮಳೆಗೆ ಸಿಕ್ಕಿತ್ತೇ.

ಅವರು ಹೋದ ಮೇಲೆ, "ಅಪ್ಪಾ, ನೀ ಮಾಲಿನ ಬಗ್ಗೆ ಏನೂ ಹೇಳಲೇ ಇಲ್ಲಲ್ಲ," ಅಂದೆ.

"ನಾ ಮಾತಾಡಿದ್ರ ಅವ್ರು ನನ್ನ ಮಾರಿ ನೋಡ್ತಾರವಾ," ಅಂದ ಅಪ್ಪ. "ಸುಮ್ನಿದ್ರ ಕಾಳ ನೋಡ್ತಾರ."

ಇಪ್ಪತ್ತೆಂಟು ವರ್ಷ ಆ ಅಂಗಡಿಯನ್ನು ನೋಡಿದ್ದೆ. ಅಪ್ಪ ಮಾತು ಕಡಿಮೆ ಎಂದಷ್ಟೇ ತಿಳಿದಿದ್ದೆ. ಆ ದಿನ ಬುತ್ತಿಯ ಖಾಲಿ ಡಬ್ಬಿ ಹಿಡಿದುಕೊಂಡು ಮನೆಗೆ ನಡೆಯುವಾಗ ನನಗೆ ಒಂದು ವಿಷಯ ತಿಳಿಯಿತು. ನನ್ನ ತರಗತಿಯ ಮಕ್ಕಳ ಕೈಗೆ ನಾನು ಏನನ್ನೂ ಕೊಟ್ಟಿರಲಿಲ್ಲ. ಕೈಯಲ್ಲಿ ಏನೂ ಇಲ್ಲದವರ ಎದುರು ಸುಮ್ಮನೆ ನಿಂತರೆ ಅವರಾದರೂ ಏನು ಮಾಡಬೇಕು?

ರಜೆ ಮುಗಿದ ಮೇಲೆ ಮತ್ತೆ ಮೊದಲ ಪಾಠಕ್ಕೇ ಹೋದೆ. ಪೇಟೆಯಿಂದ ಹೊಸ ಗಡಿಗೆಯೊಂದನ್ನು ತಂದು, ನೀರು ತುಂಬಿ, ಮೇಜಿನ ಮೇಲಿಟ್ಟೆ. ಮಕ್ಕಳು ಸಾಲಾಗಿ ಬಂದು ಹೊರಮೈ ಮುಟ್ಟಿ ನೋಡಿದರು. "ಒದ್ದಿ ಆಗೇತಿ," ಅಂದರು. ಒಳಗಿನ ನೀರು ಹೊರಗೆ ಹೇಗೆ ಬಂತು ಎಂದು ಕೇಳಿ ನಾನು ಗೋಡೆಗೆ ಒರಗಿ ನಿಂತೆ. ಅಂದು ಮೊದಲ ಸಲ ಹತ್ತರವರೆಗೆ ಎಣಿಸಿದೆ. ಎಂಟಕ್ಕೇ ಮಕ್ಕಳ ಮಾತು ಶುರುವಾಗಿತ್ತು.

ಮಾರನೆಯ ದಿನ ಚೀಟಿಗಳನ್ನು ಓದುತ್ತ ಬಂದೆ. ಒಂದರಲ್ಲಿ ಹೀಗಿತ್ತು: 'ಹಳೇ ಗಡಿಗಿ ತಂಪ ಮಾಡಂಗಿಲ್ಲ.' ನಾನು ಜೋರಾಗಿ ಓದಿ, ಯೋಚಿಸದೆ ಹೇಳಿಬಿಟ್ಟೆ: "ಹಂಗೇನಿಲ್ಲ. ಹೊಸಾದಿರಲಿ ಹಳೇದಿರಲಿ, ಮಣ್ಣು ಮಣ್ಣನ. ಸಣ್ಣ ತೂತು ಇದ್ದ ಇರ್ತಾವು." ಯಾರೋ ನಕ್ಕರು. ಗೋಡೆಯ ಪಕ್ಕದ ಬೆಂಚಿನಲ್ಲಿ ಒಬ್ಬ ಹುಡುಗಿ ತಲೆ ತಗ್ಗಿಸಿದಳು. ಚೀಟಿ ಯಾರದೆಂದು ನನಗೆ ಆಗ ತಿಳಿಯಿತು. ಮುಗದದಿಂದ ಬರುತ್ತಿದ್ದ ಹುಡುಗಿ. ಜೂನ್ ತಿಂಗಳಿಂದ ಒಂದು ಮಾತನ್ನೂ ಆಡಿದವಳಲ್ಲ. ದಿನಾಲೂ ಖಾಲಿ ಚೀಟಿಯನ್ನೇ ನನ್ನ ಕೈಗೆ ಕೊಡುತ್ತಿದ್ದಳು. ಅವಳು ಬರೆದ ಮೊದಲ ವಾಕ್ಯ ಅದು.

ಊಟಕ್ಕೆ ಕುಳಿತಾಗ ಅಕ್ಕೋರಿಗೆ ಹೇಳಿದೆ. ಅವರು ರೊಟ್ಟಿ ಅಗಿಯುವುದನ್ನು ನಿಲ್ಲಿಸಿ ಕೇಳಿದರು: "ಹಳೇ ಗಡಿಗಿ ತಂಪ ಮಾಡ್ತೈತಂತ ನೀ ನೋಡಿಯೇನು?"

"ಪುಸ್ತಕದಾಗ..."

"ಪುಸ್ತಕದಾಗ ಹಳೇ ಗಡಿಗಿ ವಿಚಾರ ಐತೇನು?"

ಇರಲಿಲ್ಲ. ಸ್ಟಾಫ್ ರೂಮಿನ ಮೂಲೆಯಲ್ಲಿ ವರ್ಷಗಳಿಂದ ಒಂದು ಗಡಿಗೆ ಇತ್ತು. ಬೋರ್‌ವೆಲ್ಲಿನ ನೀರು ತುಂಬಿ ತುಂಬಿ ಅದರ ಮೈಮೇಲೆ ಬಿಳಿಯ ಉಪ್ಪು ಕಟ್ಟಿತ್ತು. ಮರುದಿನ ಬೆಳಗಿನ ಪ್ರಾರ್ಥನೆಯ ಮುಂಚೆ ಹಳೆಯದು ಹೊಸದು ಎರಡಕ್ಕೂ ಒಂದೇ ನಲ್ಲಿಯ ನೀರು ತುಂಬಿ ವರಾಂಡದ ನೆರಳಿನಲ್ಲಿ ಇಟ್ಟೆ. ಊಟದ ಹೊತ್ತಿಗೆ ಪ್ರಯೋಗಾಲಯದ ಥರ್ಮಾಮೀಟರ್ ತಂದು ಅದ್ದಿ ನೋಡಿದೆ. ಹೊಸ ಗಡಿಗೆಯ ನೀರು ಇಪ್ಪತ್ತೆರಡು ಡಿಗ್ರಿ. ಹಳೆಯದು ಇಪ್ಪತ್ತಾರು. ಥರ್ಮಾಮೀಟರ್ ಸರಿಯಿಲ್ಲವೇನೋ ಎಂದು ಬೆರಳು ಅದ್ದಿದೆ. ಬೆರಳಿಗೂ ಅದೇ ತಿಳಿಯಿತು.

ಮಧ್ಯಾಹ್ನ ನನ್ನ ಪೀರಿಯಡ್ಡಿಗೆ ಅವನ್ನು ತರಗತಿಗೆ ಹೊತ್ತುಕೊಂಡು ಹೋದೆ. ಎರಡೂ ಗಡಿಗೆಗಳನ್ನು ಮೇಜಿನ ಮೇಲಿಟ್ಟು ಹೇಳಿದೆ: "ನಿನ್ನೆ ಒಂದು ಚೀಟಿ ಓದಿ ಅದು ತಪ್ಪು ಅಂದೆ. ತಪ್ಪು ಹೇಳಿದಾಕಿ ನಾ. ಚೀಟಿ ಬರದಾಕಿ ಹೇಳಿದ್ದು ಖರೇ ಐತಿ. ಆಗಸ್ಟಿನ ಪರೀಕ್ಷಾಕ್ಕಿಂತ ಮೊದಲ ಬೋರ್ಡ್ ಮ್ಯಾಲೆ ಶಾಖ ಬಿಟ್ಟುಕೊಡುತ್ತದೆ ಅಂತ ಬರದಾಕಿನೂ ನಾನ. ಅದನ್ನ ನಿಮ್ಮ ಕಡೆ ಹೊಡಿಸಿದ ದಿನಾನ ಹೇಳಬೇಕಿತ್ತು, ಹೇಳಲಿಲ್ಲ."

ಮಕ್ಕಳು ಒಬ್ಬರನ್ನೊಬ್ಬರು ನೋಡಿದರು. ಶಿಕ್ಷಕರು ಹೀಗೆ ಹೇಳಿದಾಗ ಏನು ಮಾಡಬೇಕೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಆ ಹುಡುಗಿಯ ಹತ್ತಿರ ಹೋಗಿ, "ನಿನಗ ಹೆಂಗ ಗೊತ್ತು?" ಎಂದು ಕೇಳಿದೆ.

ಅವಳು ಎದ್ದು ನಿಂತಳು. ಬಹಳ ಹೊತ್ತು ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಈ ಸಲ ಎಣಿಸಬೇಕೆನಿಸಲಿಲ್ಲ, ಏಕೆಂದರೆ ನನಗೆ ಉತ್ತರ ಗೊತ್ತಿರಲಿಲ್ಲ.

"ನಮ್ಮ ಮನ್ಯಾಗ ಗಡಿಗಿ ಮಾಡ್ತಾರ್ರಿ," ಅಂದಳು ಕೊನೆಗೆ. "ನಮ್ಮಜ್ಜಿ ಮಾಡ್ತಾಳ್ರಿ. ನೀರಿನ ಗಡಿಗಿಗೆ ಮಣ್ಣಿನಾಗ ಭತ್ತದ ಹೊಟ್ಟು ಕಲಸ್ತಾಳ್ರಿ. ಭಟ್ಟ್ಯಾಗ ಇಟ್ಟಾಗ ಹೊಟ್ಟು ಸುಟ್ಟು ಹೋಗ್ತೈತ್ರಿ. ಅದು ಇದ್ದ ಜಾಗಾ ಖಾಲಿ ಉಳೀತೈತ್ರಿ."

"ಹಂಗಾರ ಅಡಗಿ ಗಡಿಗಿಗೆ?" ಎಂದು ನಡುವಿನ ಬೆಂಚಿನಿಂದ ಯಾರೋ ಕೇಳಿದರು.

"ಅದಕ್ಕ ಹೊಟ್ಟು ಹಾಕಂಗಿಲ್ಲ. ಉಸುಕು ಹಾಕ್ತಾರ. ಒಲಿ ಮ್ಯಾಲೆ ಒಡೀಬಾರದಲ್ಲ."

"ಹಳೇದು ಯಾಕ ತಂಪ ಮಾಡಂಗಿಲ್ಲ?"

"ನೀರಿನಾಗಿನ ಉಪ್ಪು ಹೋಗಿ ತೂತಿನಾಗ ಕುಂದರ್ತೈತಿ. ಮುಚ್ಚಿಬಿಡ್ತೈತಿ."

"ತಿಕ್ಕಿ ತೊಳದ್ರ ಬಿಚ್ಚತಾವೇನು?"

"ಗೊತ್ತಿಲ್ಲ. ಅಜ್ಜಿನ್ನ ಕೇಳಿ ಬರ್ತೇನಿ."

ಅವರು ನನ್ನನ್ನು ಬಿಟ್ಟು ನೇರವಾಗಿ ಅವಳನ್ನೇ ಕೇಳುತ್ತಿದ್ದರು. ಅವಳು ನನ್ನ ಕಡೆ ನೋಡದೆ ಅವರಿಗೆ ಉತ್ತರಿಸುತ್ತಿದ್ದಳು. ಮಾತಿನ ಕೊನೆಯ 'ರಿ' ಯಾವಾಗ ಬಿಟ್ಟುಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. ನಾನು ಹಿಂದೆ ಸರಿದು ಅವಳ ಬೆಂಚಿನ ತುದಿಯಲ್ಲಿ ಕುಳಿತೆ. ಗಂಟೆಯಾದಾಗ ಅವಳನ್ನು ಮೆಲ್ಲಗೆ ಕೇಳಿದೆ: "ಇಷ್ಟೆಲ್ಲಾ ಗೊತ್ತಿದ್ದಾಕಿ ಪರೀಕ್ಷಾದಾಗ ಶಾಖ ಬಿಟ್ಟುಕೊಡುತ್ತದೆ ಅಂತ ಯಾಕ ಬರದಿ?"

"ನೀವು ಬೋರ್ಡ್ ಮ್ಯಾಲೆ ಬರದಿದ್ರಿ," ಅಂದಳು.

ಮರುದಿನ ಅಜ್ಜಿಯ ಉತ್ತರ ಬಂತು. ತೆಂಗಿನ ನಾರಿನಿಂದ ಬೂದಿ ಹಚ್ಚಿ ತಿಕ್ಕಬೇಕು, ಎರಡು ದಿನ ಬಿಸಿಲಿಗೆ ಇಡಬೇಕು, ಸ್ವಲ್ಪ ಸುಧಾರಿಸುತ್ತದೆ, ಪೂರಾ ಸುಧಾರಿಸುವುದಿಲ್ಲ. ಮಕ್ಕಳು ಪಾಳಿ ಹಾಕಿಕೊಂಡು ಸ್ಟಾಫ್ ರೂಮಿನ ಗಡಿಗೆಯನ್ನು ತಿಕ್ಕಿದರು. ಬಿಸಿಲಿಗೆ ಇಟ್ಟು, ಮತ್ತೆ ನೀರು ತುಂಬಿ, ಥರ್ಮಾಮೀಟರ್ ಅದ್ದಿದರು. ಇಪ್ಪತ್ನಾಲ್ಕು ಡಿಗ್ರಿ ಬಂತು. ಅಜ್ಜಿ ಹೇಳಿದಂತೆಯೇ ಆಗಿತ್ತು. ಕೈಗಾರಿಕಾ ಪ್ರದೇಶದ ಕೆಲಸಗಾರರೊಬ್ಬರ ಮಗ, ಗಡಿಗೆಗೆ ಒದ್ದೆ ಬಟ್ಟೆ ಸುತ್ತಿದರೆ ಇನ್ನೂ ಇಳಿಯುತ್ತದೆಯೇ ನೋಡಬೇಕೆಂದು ಹಟ ಹಿಡಿದ. ಅದನ್ನೂ ನೋಡಿದೆವು. ಹೀಗೆ ಒಂದೇ ಗಡಿಗೆಯ ಮೇಲೆ ಆರು ಪೀರಿಯಡ್ಡು ಕಳೆದವು.

ಹೆಡ್‌ಮಾಸ್ತರರು ಬಂದೇ ಬಂದರು. ಬೈಯುವ ಮನುಷ್ಯರಲ್ಲ ಅವರು, ಆದರೆ ಅವರ ಹಣೆಯ ಮೇಲೆ ಗೆರೆಗಳಿದ್ದವು. "ಏನ್ರಿ ಟೀಚರ್, ಮೊದಲ ನಿಮ್ಮ ಕ್ಲಾಸು ಎಷ್ಟು ಶಾಂತ ಇತ್ತು. ಈಗ ನನ್ನ ಕ್ವಾಣಿತನ ಕೇಳಸ್ತೈತಿ. ಪಾಠನೂ ಹಿಂದ ಬಿದ್ದಾವು."

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. "ಒಂದು ಪೀರಿಯಡ್ ಬಂದು ಕುಂದರ್ರಿ ಸರ್," ಅಂದೆ. ಬಂದು ಕುಳಿತರು. ಅಂದು ಯಾವ ಚಮತ್ಕಾರವೂ ಆಗಲಿಲ್ಲ. ಸಾಧಾರಣ ಪಾಠ, ಮಕ್ಕಳು ಸಾಧಾರಣವಾಗಿದ್ದರು, ಇಬ್ಬರು ಆಕಳಿಸಿದರು. ಆದರೆ ನಡುವೆ ಒಬ್ಬಳು ಎದ್ದು, "ಟೀಚರ್, ನೀವು ಬರದದ್ದು ಸರಿ ಅನಸವಲ್ದು," ಅಂದಳು. ನಾನು ತಿರುಗಿ ನೋಡಿದೆ. ಸರಿಯಾಗಿಯೇ ಬರೆದಿದ್ದೆ. ಅವಳಿಗೆ ಯಾಕೆ ಹಾಗನ್ನಿಸಿತು ಎಂದು ಕೇಳಿ, ಅದರ ಸುತ್ತ ಹತ್ತು ನಿಮಿಷ ಮಾತಾಡಿದೆವು. ಹೊರಗೆ ಬಂದ ಹೆಡ್‌ಮಾಸ್ತರರು ಗಂಟಲು ಸರಿಮಾಡಿಕೊಂಡು, "ಶನಿವಾರ ಒಂದು ಪೀರಿಯಡ್ ಹೆಚ್ಚಿಗೆ ತಗೋರಿ. ಪೋರ್ಶನ್ ಮುಗಿಸ್ರಿ," ಎಂದಷ್ಟೇ ಹೇಳಿ ಹೋದರು. ಗದ್ದಲದ ಮಾತನ್ನು ಮತ್ತೆ ಎತ್ತಲಿಲ್ಲ.

ಎಲ್ಲವೂ ಸುಧಾರಿಸಿತು ಎಂದರೆ ಸುಳ್ಳಾಗುತ್ತದೆ. ಕೊನೆಯ ಪಾಠವೊಂದನ್ನು ಮಾರ್ಚಿನಲ್ಲಿ ಓಡಿಸಿಕೊಂಡೇ ಹೋದೆ, ಹಳೆಯ ಕೋಚಿಂಗ್ ಸೆಂಟರಿನ ಹಾಗೆಯೇ. ಕಿಟಕಿಯ ಪಕ್ಕದ ಹುಡುಗನೊಬ್ಬ ವರ್ಷವಿಡೀ ಹೊರಗೇ ನೋಡುತ್ತಿದ್ದ. ಗಡಿಗೆಯಿಂದಲೂ ಚೀಟಿಯಿಂದಲೂ ಅವನನ್ನು ಒಳಗೆ ಕರೆಯಲು ನನಗೆ ಆಗಲಿಲ್ಲ. ಅವನು ಈಗಲೂ ನನಗೆ ನೆನಪಾಗುತ್ತಾನೆ. ಅಕ್ಕೋರ ಮುಂದೆ ಹೇಳಿಕೊಂಡಾಗ ಅವರೂ, "ನನಗೂ ವರ್ಷಕ್ಕ ಒಬ್ಬರು ಹಂಗ ಉಳೀತಾರ ತಂಗಿ," ಅಂದರು. ಅದಕ್ಕಿಂತ ಹೆಚ್ಚು ಸಮಾಧಾನ ಹೇಳಲಿಲ್ಲ.

ಫೆಬ್ರುವರಿಯ ಕೊನೆಯ ಶುಕ್ರವಾರ ಅಕ್ಕೋರ ಬೀಳ್ಕೊಡುಗೆ. ಮಧ್ಯಾಹ್ನ ಹಾರ, ಶಾಲು, ಭಾಷಣ ಎಲ್ಲ ಇದ್ದವು. ಬೆಳಿಗ್ಗೆ ಅವರು ನನ್ನ ಹತ್ತಿರ ಬಂದು, "ನನ್ನ ಕಡೀ ಪೀರಿಯಡ್ ನನಗ ಬ್ಯಾಡ. ಅದನ್ನೂ ನೀ ತಗೋ. ನಾ ಹುಡುಗೂರ ಕೂಡ ಕುಂದರ್ತೇನಿ," ಅಂದರು. ಬಂದು ಮುಗದದ ಹುಡುಗಿಯ ಪಕ್ಕದಲ್ಲಿಯೇ ಕುಳಿತರು. ಬೆಂಚು ಸಣ್ಣದು, ಮೊಣಕಾಲು ಮಡಚಿಕೊಳ್ಳಲು ಸ್ವಲ್ಪ ಕಷ್ಟಪಟ್ಟರು. ಪಾಠ ಅರ್ಧ ಆಗಿತ್ತು. ಅವರು ಕೈ ಎತ್ತಿದರು. ಮಕ್ಕಳು ನಕ್ಕರು.

"ಟೀಚರ್," ಎಂದರು, ಬಹಳ ಗಂಭೀರವಾಗಿ. "ನಮ್ಮ ಮನ್ಯಾಗ ಫ್ರಿಜ್ಜಿನಾಗಿಂದ ಹಾಲಿನ ಪಾತೇಲಿ ತಗದ ಹೊರಗ ಇಟ್ರ ಅದರ ಮೈಮ್ಯಾಲೆ ನೀರ ಹನಿ ಮೂಡ್ತಾವು. ಪಾತೇಲಿ ಸ್ಟೀಲಿಂದು. ಅದರಾಗ ತೂತಿಲ್ಲ. ಮ್ಯಾಲಾಗಿ ಒಳಗಿರೂದು ಹಾಲು. ಹೊರಗ ನೀರು ಎಲ್ಲಿಂದ ಬಂತು?"

ನಾನು ಉತ್ತರಿಸಲು ಬಾಯಿ ತೆರೆದೆ. ಅವರು ನನ್ನನ್ನು ನೋಡಿದ ನೋಟಕ್ಕೆ ಮುಚ್ಚಿದೆ. ಮಕ್ಕಳು ಶುರುಮಾಡಿದರು. ಮುಚ್ಚಳದಿಂದ ಸೋರಿರಬೇಕೆಂದು ಒಬ್ಬರು. ಸ್ಟೀಲಿಗೂ ಕಣ್ಣಿಗೆ ಕಾಣದ ತೂತು ಇರಬಹುದೆಂದು ಇನ್ನೊಬ್ಬರು. "ಇರಂಗಿಲ್ಲ, ಇದ್ರ ಹಾಲ ಬರಬೇಕಿತ್ತು," ಎಂದಳು ಮುಗದದ ಹುಡುಗಿ. ಗಾಳಿಯಿಂದ ಬಂತು ಎಂದು ಯಾರೋ ಅಂದರೆ, ಗಾಳಿಯಲ್ಲಿ ನೀರು ಎಲ್ಲಿದೆ ತೋರಿಸು ಎಂದು ಪಕ್ಕದವರು ಕೇಳಿದರು. ವಾದ ಮುಗಿಯುವ ಮುಂಚೆಯೇ ಗಂಟೆಯಾಯಿತು. ಉತ್ತರ ಹೇಳಿ ಎಂದು ಮಕ್ಕಳು ಅಕ್ಕೋರನ್ನು ಮುತ್ತಿಕೊಂಡರು. "ನನಗ ಗೊತ್ತಿದ್ರ ಕೇಳ್ತಿದ್ನೇನು?" ಎಂದು ಅವರು ಸೆರಗು ಸರಿಪಡಿಸಿಕೊಂಡು ಎದ್ದರು. ಸಮಾರಂಭದ ಭಾಷಣಗಳ ನಡುವೆಯೂ ಹಿಂದಿನ ಸಾಲಿನಲ್ಲಿ ಪಿಸುಪಿಸು ನಡೆದೇ ಇತ್ತು.

ರವಿವಾರ ಮಧ್ಯಾಹ್ನ ನಾನು ಮನೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ಅಕ್ಕೋರ ಫೋನು ಬಂತು.

"ಚರ್ಚಿಂದ ಬಂದು ಆಗಷ್ಟೇ ಕುಂತಿದ್ದೆ," ಅಂದರು. "ನಿನ್ನ ಹುಡುಗೂರು ಐದು ಮಂದಿ ಬಂದ್ರು. ಮುಗದದಾಕಿ ರಜಾ ಇದ್ರೂ ಬಸ್ ಹತ್ತಿ ಬಂದಿದ್ಲು. ಸ್ಟೀಲಿನ ಲೋಟದಾಗ ಅರಿಷಿಣದ ನೀರು ಹಾಕಿ, ಅದಕ್ಕ ನನ್ನ ಫ್ರಿಜ್ಜಿನ ಬರ್ಫ ಹಾಕಿದ್ರು. ಹೊರಗ ಹನಿ ಮೂಡಿದ್ವು. ಬೆರಳಿಲೆ ಒರಿಸಿ ನನಗ ತೋರಿಸಿದ್ರು. ಹನಿಗೆ ಬಣ್ಣ ಇರಲಿಲ್ಲ. ಒಳಗಿಂದ ಬಂದಿದ್ರ ಹಳದಿ ಇರಬೇಕಿತ್ತು ಅಂದ್ರು. ಹಂಗಾರ ಗಾಳ್ಯಾಗಿಂದನ ಬಂತು, ತಿಳೀತೇನ್ರಿ ಅಕ್ಕೋರ, ಅಂತ ನನ್ನ ಕೇಳಿದ್ರು."

"ನೀವೇನಂದ್ರಿ?"

"ಇನ್ನೊಮ್ಮೆ ಹೇಳ್ರಿ ಅಂದೆ. ಇನ್ನೊಮ್ಮೆ ಹೇಳಿದ್ರು. ಚಹಾ ಮಾಡಾಕೂ ಬಿಡಲಿಲ್ಲ."

ನಾನು ನಗುತ್ತ ಕೇಳಿದೆ: "ಖರೇ ಹೇಳ್ರಿ ಅಕ್ಕೋರ. ಅವತ್ತ ನಿಮಗ ಉತ್ತರ ಗೊತ್ತಿತ್ತೋ ಇಲ್ಲೋ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ನಾನು ಕಾದೆ.

"ಗಾಳ್ಯಾಗಿಂದ ಬರ್ತೈತಂತ ಗೊತ್ತಿತ್ತು," ಅಂದರು. "ಅದನ್ನ ಅರಿಷಿಣ ಹಾಕಿ ತೋರಿಸಬಹುದಂತ ಗೊತ್ತಿರಲಿಲ್ಲ. ಈಗ ಮೇಜಿನ ಮ್ಯಾಲಿನ ಬಿಳೀ ಬಟ್ಟಿ ಪೂರಾ ಹಳದಿ ಆಗೇತಿ. ತೊಳೀಬೇಕು, ಫೋನ್ ಇಡ್ಲೇನು?"